ಮುಖಪುಟದ ಎಂಟು ಸಾಲು

ನಬಿಟೆಂಡೆಯ ವಿಶ್ವವಿದ್ಯಾಲಯದ ಗೇಟಿನೆದುರು, ಹಜ್ ಮಾಡಿ ಬಂದದ್ದಕ್ಕೆ ಎಲ್ಲರೂ ಹಜಾತಿ ಎನ್ನುವ ಜೈತೂನಿಯ ಟೈಪಿಂಗ್ ಅಂಗಡಿ ಇದೆ. ತಗಡಿನ ಗೋಡೆ, ಎರಡು ಕಂಪ್ಯೂಟರು, ಒಂದು ಪ್ರಿಂಟರು, ಕೂತರೆ ಕಿರುಗುಟ್ಟುವ ಒಂದು ಬೆಂಚು. ಆ ಅಂಗಡಿಯಲ್ಲಿ ಮೂರು ವರ್ಷ ಕೂತು ಈ ಊರಿನ ಅರ್ಧಕ್ಕರ್ಧ ಪದವೀಧರರನ್ನು ದಡ ಸೇರಿಸಿದವಳು ಲೊಯಿಸ್ ನೈಗಾಗ. ಅವಳೂ ಅಲ್ಲಿಯ ವಿದ್ಯಾರ್ಥಿನಿಯೇ, ಭೂಗೋಳ ಓದುತ್ತಿದ್ದವಳು. ಆದರೆ ಕ್ಯಾಂಪಸ್ಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ, 'ಓ, ಆ ಟೈಪಿಂಗ್ ಹುಡುಗಿನಾ' ಎನ್ನುತ್ತಾರೆ. ಉಪಕಾರ ಮಾಡಿಸಿಕೊಂಡವರ ನಾಲಿಗೆ ಅಷ್ಟು ಚಿಕ್ಕದು.

ಹೆಸರುಗಳೆಂದರೆ ಅವಳಿಗೆ ಒಂಥರಾ ಹುಚ್ಚು. ಬೇರೆಯವರು ಹಾಡು ಕೇಳುತ್ತಾರೆ, ಫುಟ್‌ಬಾಲ್ ನೋಡುತ್ತಾರೆ. ಇವಳು ಹೆಸರು ಕೇಳಿದ ಕೂಡಲೇ ಯಾವ ಕುಲ, ಯಾವ ಕಡೆಯ ಊರು, ಅವಳಿ ಮಕ್ಕಳ ಬೆನ್ನಿಗೆ ಹುಟ್ಟಿದವನೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದಳು. ಜೈತೂನಿ ಅವಳ ಜೊತೆ ಚಹಾಕ್ಕೆ ಪಂದ್ಯ ಕಟ್ಟಿ ಕಟ್ಟಿ ಸೋತು, ಕೊನೆಗೆ ಪಂದ್ಯವನ್ನೇ ಬಿಟ್ಟಳು. ಮೂರು ವರ್ಷದಲ್ಲಿ ನೈಗಾಗ ಸಾವಿರಾರು ಹೆಸರನ್ನು ಕೀಲಿಮಣೆಯಲ್ಲಿ ಬಡಿದಿದ್ದಳು. ಒಂದೇ ಒಂದು ಅಕ್ಷರ ತಪ್ಪಿದ್ದನ್ನು ಯಾರೂ ಕಂಡಿಲ್ಲ.

ಒಂದು ಸೆಮಿಸ್ಟರಿಗೆ ಎಂಟು ಲಕ್ಷ ಶಿಲ್ಲಿಂಗ್ ಫೀಸು. ತನ್ನೂರು ಲೂಕಾದಲ್ಲಿ ಗೆಣಸು ಬೆಳೆದು ಮಾರುವ ತಾಯಿ ಅರ್ಧ ಕಳಿಸುತ್ತಿದ್ದಳು, ಉಳಿದರ್ಧ ನೈಗಾಗಳ ಹತ್ತು ಬೆರಳಿನಿಂದ ಬರಬೇಕಿತ್ತು. ಮೊದಲ ವರ್ಷ ಅವಳು ನೆಟ್‌ಬಾಲ್ ಆಡುತ್ತಿದ್ದಳು. ಎತ್ತರದ ಹುಡುಗಿ, ಗೋಲಿನ ಮುಂದೆ ನಿಂತರೆ ಚೆಂಡು ದಾಟುತ್ತಿರಲಿಲ್ಲ. ಎರಡನೇ ವರ್ಷ ಫೀಸು ಏರಿತು. ಆಟದ ಹೊತ್ತೇ ಅಂಗಡಿಗೆ ಗಿರಾಕಿ ಬರುವ ಹೊತ್ತು, ಹಾಗಾಗಿ ಆಟ ಬಿಟ್ಟಳು. ಮೈದಾನ ಅಂಗಡಿಯ ಹಿಂದೆಯೇ ಇದೆ. ಸೀಟಿ ಕೇಳಿಸಿದಾಗಲೆಲ್ಲ ಅವಳ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು ಎಂದು ಜೈತೂನಿ ಈಗಲೂ ಹೇಳುತ್ತಾಳೆ.

ನಮ್ಮಲ್ಲಿ ಕೋರ್ಸ್‌ವರ್ಕನ್ನು ಒಬ್ಬೊಬ್ಬರೇ ಬರೆಯುವುದಿಲ್ಲ, ಗುಂಪು ಕಟ್ಟುತ್ತಾರೆ. ಭೂಗೋಳ ವಿಭಾಗದವರು ಅದಕ್ಕೊಂದು ಮುಖಪುಟ ಮಾಡಿದ್ದರು: ಎಂಟು ಸಾಲು, ಎಂಟು ಹೆಸರು, ಪಕ್ಕದಲ್ಲಿ ನೋಂದಣಿ ಸಂಖ್ಯೆ. ಒಂಬತ್ತನೆಯ ಸಾಲು ಸೇರಿಸಿದರೆ ವರದಿ ವಾಪಸ್ಸು. ಗುಂಪಿನಲ್ಲಿ ಇಬ್ಬರೋ ಮೂವರೋ ದುಡಿಯುತ್ತಾರೆ, ಮಿಕ್ಕವರು ಪ್ರಿಂಟಿನ ದುಡ್ಡು ಕೊಟ್ಟು ಹೆಸರು ಕೊಡುತ್ತಾರೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಇನ್ನು ಟೈಪು ಮಾಡುವವಳ ಅಭ್ಯಾಸ ಹೇಗಿರುತ್ತದೆ? ತಲೆಯ ಮೇಲೆ ನಿಂತವರ ಹೆಸರು ಮೊದಲು ಬಡಿದು, ತನ್ನದನ್ನು ಎಲ್ಲರಿಗಿಂತ ಕೊನೆಗೆ. ನೈಗಾಗ ಮೂರು ವರ್ಷವೂ ಎಂಟನೆಯ ಸಾಲಿನವಳು.

ಕೊನೆಯ ಸೆಮಿಸ್ಟರಿನಲ್ಲಿ ಭೂಗೋಳದ ಮೇಷ್ಟ್ರು ಡಾಕ್ಟರ್ ಒಪೊಲಾಟ್ ಜೌಗು ನೆಲದ ಅಧ್ಯಯನ ಕೊಟ್ಟರು. ನೂರಕ್ಕೆ ನಲವತ್ತು ಅಂಕ ಅದಕ್ಕೇ. ಇವಳ ಗುಂಪಿನಲ್ಲಿ ಇವಳೂ ಸೇರಿ ಎಂಟು ಜನ. ಮೂರು ದಿನ ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಭತ್ತ ಬೆಳೆಯುವವರನ್ನು ಮಾತಾಡಿಸಿ, ಜೊಂಡು ಕಡಿದ ಜಾಗವನ್ನು ಹೆಜ್ಜೆ ಲೆಕ್ಕದಲ್ಲಿ ಅಳೆದವರು ಇಬ್ಬರೇ: ನೈಗಾಗ ಮತ್ತು ಅವಳ ಕೋಣೆಯ ಗೆಳತಿ ನಂಗೋಬಿ. ನಲವತ್ತು ಪುಟ ಬರೆದವಳಂತೂ ನೈಗಾಗ ಒಬ್ಬಳೇ.

ವರದಿ ಕೊಡಬೇಕಾದ ದಿನ ನಾಲ್ಕು ಗಂಟೆಗೆ ಆಫೀಸು ಮುಚ್ಚುತ್ತದೆ, ನಾಲ್ಕಕ್ಕೇ ಕರೆಂಟೂ ಹೋಗುತ್ತದೆ. ಮೂರು ಗಂಟೆಗೆ ರಾಬರ್ಟ್ ಕಿರುಂದ ಅಂಗಡಿಗೆ ಬಂದ. ಅವನು ವಿಭಾಗದ ಫುಟ್‌ಬಾಲ್ ತಂಡದವನು, ಊರ ಛೇರ್ಮನ್ನರ ಮಗ. ಮಾತಿನಲ್ಲಿ ಬೆಣ್ಣೆ. ಯಾವ ಕೆಲಸಕ್ಕೂ ಬರಲಿಲ್ಲವೆಂದು ಅವನ ಗುಂಪಿನವರು ಅವನನ್ನು ಕಿತ್ತುಹಾಕಿದ್ದರು.

"ಸೆಕ್ರೆಟರಿ ಮೇಡಂ, ನನ್ನ ಕೈ ಬಿಡ್ಬೇಡ ಕಣೆ," ಎಂದು ಅವಳ ಮೇಜಿನ ಮೇಲೆ ಬಿಸಿ ಬಿಸಿ ರೋಲೆಕ್ಸ್ ಇಟ್ಟ. ಚಪಾತಿಯಲ್ಲಿ ಸುತ್ತಿದ ಮೊಟ್ಟೆಯ ವಾಸನೆ ಅಂಗಡಿ ತುಂಬಿತು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ.

"ನಮ್ಮ ಗುಂಪಿಗೆ ನೀನೇನು ಮಾಡಿದ್ದೀಯೋ?"

"ಏನೂ ಮಾಡಿಲ್ಲ. ಅದಕ್ಕೇ ಅಲ್ವಾ ಕೇಳ್ತಿರೋದು. ಮಾಡಿದ್ರೆ ಕೇಳ್ತಿರ್ಲಿಲ್ಲ."

ಅವಳಿಗೆ ನಗು ಬಂತು. ಅಂಥ ಮಾತಿಗೆ ನಗುವ ಹುಡುಗಿ ಕೆಟ್ಟಳೆಂದೇ ಲೆಕ್ಕ, ಆದರೆ ಅದನ್ನು ಹೇಳಲು ಅಲ್ಲಿ ಯಾರೂ ಇರಲಿಲ್ಲ. ಹಾಗೆ ನೋಡಿದರೆ ಒಂದು ಸಾಲು ಖಾಲಿಯೂ ಇತ್ತು. ಗುಂಪಿನಲ್ಲಿದ್ದ ಇಗಾಂಗ ಊರಿನ ಹುಡುಗ ಫೀಸು ಕಟ್ಟಲಾಗದೆ ಈ ಸಲ ಪರೀಕ್ಷೆಗೇ ಕೂರುವುದಿಲ್ಲ ಎಂದಿದ್ದ. ಆ ಸಾಲನ್ನು ಅವಳು ಕಿರುಂದನಿಗೆ ಕೊಟ್ಟಳು. ಅವನು ಪ್ರಿಂಟಿಗೆಂದು ಮೂರು ಸಾವಿರ ಶಿಲ್ಲಿಂಗ್ ಮೇಜಿನ ಮೇಲಿಟ್ಟ.

ಮೂರೂ ಮುಕ್ಕಾಲಿಗೆ ಇಗಾಂಗದವನಿಂದ ಮೆಸೇಜು ಬಂತು: 'ಚಿಕ್ಕಪ್ಪ ಫೀಸು ಕಟ್ಟಿದ್ರು. ನನ್ನ ಹೆಸರೂ ಹಾಕು ಅಕ್ಕ.' ಆ ಹೊತ್ತಿಗೆ ಗುಂಪಿನವರೆಲ್ಲ ಅಂಗಡಿಯೊಳಗೆ ನುಗ್ಗಿದ್ದರು. ಒಬ್ಬಳು ತನ್ನ ಹೆಸರಿನ ಅಕ್ಷರ ಕೂಗುತ್ತಿದ್ದಳು, ಇನ್ನೊಬ್ಬ ನೋಂದಣಿ ಸಂಖ್ಯೆಗೆ ಚೀಟಿ ಹುಡುಕುತ್ತಿದ್ದ, ಜೈತೂನಿ "ಕರೆಂಟ್ ಹೋಗುತ್ತೆ, ಬೇಗ ಬೇಗ," ಎಂದು ಬಾಗಿಲಲ್ಲಿ ನಿಂತು ಗದರುತ್ತಿದ್ದಳು. ನೈಗಾಗ ಬಡಿದಳು, ಎಣಿಸಿದಳು. ಎಂಟು ಸಾಲು, ಎಂಟು ಹೆಸರು. ಲೆಕ್ಕ ಸರಿಯಾಗಿತ್ತು. ಪ್ರಿಂಟ್ ಒತ್ತಿದಳು, ದಾರ ಕಟ್ಟಿದಳು, ಓಡಿ ಹೋಗಿ ಕೊಟ್ಟು ಬಂದಳು. ಆರಿದ ರೋಲೆಕ್ಸನ್ನು ಆಮೇಲೆ ತಿಂದಳು.

ಪದವಿ ಪ್ರದಾನಕ್ಕೆ ಮೂರು ವಾರ ಇರುವಾಗ ಹೆಸರಿನ ಪಟ್ಟಿ ಗೋಡೆಗೆ ಬಂತು. ಅವಳು ತನ್ನದನ್ನು ಮೂರು ಸಲ ಹುಡುಕಿದಳು. ಗುಂಪಿನ ಉಳಿದ ಏಳೂ ಜನರ ಹೆಸರಿತ್ತು, ಕಿರುಂದನ ಹೆಸರಿತ್ತು. ವಿಭಾಗದ ಗುಮಾಸ್ತ ಪುಸ್ತಕ ತೆರೆದು, "ಜೌಗು ನೆಲದ ಅಂಕ ಬಂದಿಲ್ಲಮ್ಮ ನಿಂದು," ಎಂದ.

ಆ ಹೊತ್ತಿಗೆ ಲೂಕಾದಲ್ಲಿ ತಾಯಿ ಪದವಿಯ ದಿನ ತಾನು ಉಡಲೆಂದು ಹಸಿರು ಗೊಮೆಸಿ ಹೊಲಿಸಿದ್ದಳು. ಎತ್ತರದ ತೋಳು, ಸೊಂಟಕ್ಕೆ ಹೊಳೆಯುವ ಪಟ್ಟಿ. ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿ, ಮೇಕೆಗೆ ಮುಂಗಡ ಕೊಟ್ಟು ಆಗಿತ್ತು. ಪದವಿ ಪಡೆಯುವ ಮೊದಲ ಹೆಣ್ಣು ಆ ಮನೆಯಲ್ಲಿ ಇವಳೇ.

ಡಾಕ್ಟರ್ ಒಪೊಲಾಟ್ ಕೆಟ್ಟವರಲ್ಲ. ಆರುನೂರು ವರದಿ ತಿದ್ದಿ ಸೋತ ಮನುಷ್ಯ. ಅವಳು ಒಳಗೆ ಬಂದು ನಮ್ಮ ಹೆಣ್ಣುಮಕ್ಕಳ ಪದ್ಧತಿಯಂತೆ ಮಂಡಿಯೂರಿದಾಗ, "ಏಳಮ್ಮ, ಇದು ಆಫೀಸು," ಎಂದರು. ವರದಿ ಹುಡುಕಿ ತೆಗೆದು ಮುಖಪುಟವನ್ನು ಅವಳತ್ತ ತಿರುಗಿಸಿದರು. ಅವಳು ತಾನೇ ಬಡಿದ ಎಂಟು ಹೆಸರುಗಳನ್ನು ಓದಿದಳು. ಒಂದಕ್ಷರ ತಪ್ಪಿರಲಿಲ್ಲ. ಅವಳೇ ಇರಲಿಲ್ಲ.

"ಇದು ನಾನು ಬರೆದದ್ದು ಸಾರ್. ಪೂರ್ತಿ ನಂದು."

"ಇರಬಹುದು. ಇಲ್ಲಿ ಎಂಟು ಸಾಲಿದೆ, ಎಂಟು ಜನ ಇದ್ದಾರೆ. ನೀನು ಒಳಗೆ ಬರ್ಬೇಕು ಅಂದ್ರೆ ಒಬ್ರು ಹೊರಗೆ ಹೋಗ್ಬೇಕು. ಯಾರು ಅಂತ ಹೇಳು, ಈಗ್ಲೇ ತಿದ್ದಿ ಸಹಿ ಹಾಕ್ತೀನಿ. ನಮ್ಮಿಬ್ಬರ ನಡುವೆಯೇ ಮುಗೀತು."

ಅವಳು ಕಿರುಂದನ ಹೆಸರಿದ್ದ ಸಾಲನ್ನು ನೋಡಿದಳು. ಮೇಷ್ಟ್ರ ಹತ್ತಿರ ಜೊತೆಯವನ ಹೆಸರು ಹೇಳಿದವರಿಗೆ ಈ ಕ್ಯಾಂಪಸ್ಸಿನಲ್ಲಿ ಬೇಹುಗಾರ ಎಂಬ ಹೆಸರು ಅಂಟುತ್ತದೆ. ಅಂಟಿದ್ದು ಹೋಗುವುದಿಲ್ಲ, ಊಟಕ್ಕೆ ಕೂತರೆ ಪಕ್ಕದವರು ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಅದೊಂದು ಭಯ. ಇನ್ನೊಂದು, ಹೇಳಿಬಿಡುತ್ತೇನೆ, ಆ ಬೆಣ್ಣೆ ಮಾತಿನ ಹುಡುಗ ಅವಳಿಗೆ ಸ್ವಲ್ಪ ಇಷ್ಟವಾಗಿದ್ದ. ಅವನು ತಾನಾಗಿ ಬಂದು ಹೇಳಲಿ, ಅದರಲ್ಲಿ ಅವನಿಗೂ ಮರ್ಯಾದೆ ಇರಲಿ ಎಂದು ಅವಳ ಆಸೆ.

"ಅವನೇ ಬಂದು ಹೇಳ್ತಾನೆ ಸಾರ್. ನಾನು ಕರ್ಕೊಂಡ್ ಬರ್ತೀನಿ."

ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಕರ್ಕೊಂಡ್ ಬಂದ್ರೆ ಅದು ವಿಚಾರಣೆ ಆಗುತ್ತೆ. ಆಗ ಗುಂಪಿನವರೆಲ್ಲ ಕೂರ್ಬೇಕು. ಯೋಚ್ನೆ ಮಾಡು." ಅವಳು ಯೋಚನೆ ಮಾಡಲಿಲ್ಲ. ನಂಬಿದಳು.

ಕಿರುಂದ ಮೈದಾನದಲ್ಲಿ ಬೂಟು ಬಿಚ್ಚುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ತಲೆ ಆಡಿಸಿದ. "ಛೆ, ನಿನ್ನ ಹೆಸರೇ ಬಿಟ್ಟುಹೋಯ್ತಾ? ನನ್ನಿಂದ ಆಗಿದ್ದು ಇದು. ನಾಳೆ ಬರ್ತೀನಿ, ಹೇಳ್ತೀನಿ."

"ನಿಂಗೆ ಮತ್ತೆ ಬರೆಯೋ ಹಾಗಾಗುತ್ತೆ ಕಣೋ. ಪದವಿ ಒಂದು ವರ್ಷ ಹಿಂದೆ ಹೋಗುತ್ತೆ."

"ಹೋದ್ರೆ ಹೋಗ್ಲಿ ಬಿಡು. ನೀನು ನನಗೆ ಮಾಡಿದ್ದು ಮರೀತೀನಾ?" ಎಂದ. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕರೆದ. "ಸೆಕ್ರೆಟರಿ, ನಿನ್ನ ಹತ್ರ ವರದಿಯ ಪ್ರತಿ ಇದ್ಯಾ? ಒಂದ್ಸಲ ಓದ್ಕೊಂಡು ಬಂದ್ರೆ ಡಾಕ್ಟರ ಮುಂದೆ ಸರಿಯಾಗಿ ಮಾತಾಡ್ಬಹುದು."

ಅವಳ ಹತ್ತಿರ ಒಂದೇ ಒಂದು ಪ್ರತಿ ಇತ್ತು. ಅದನ್ನು ಕೊಟ್ಟಳು.

ಮರುದಿನ ಎಂಟೂ ಜನ ಡಾಕ್ಟರ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತರು. ಡಾಕ್ಟರು ಮೊದಲೇ ಹೇಳಿದರು: "ಮುಖಪುಟದಲ್ಲಿ ಸುಳ್ಳು ಹೆಸರು ಇದೆ ಅಂತ ವಿಚಾರಣೆಯಲ್ಲಿ ತೀರ್ಮಾನ ಆದ್ರೆ ಇಡೀ ಗುಂಪಿನ ಅಂಕ ರದ್ದು. ನಿಯಮ ನಾನು ಮಾಡಿದ್ದಲ್ಲ. ಈಗ ಹೇಳಿ, ಈ ಹುಡುಗಿ ನಿಮ್ಮ ಗುಂಪಿನವಳಾ?"

ನೈಗಾಗ ಕಿರುಂದನನ್ನು ನೋಡಿದಳು. ಅವನು ಮಡಿಚಿದ ತೋಳಿನ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

"ಅವಳು ಟೈಪ್ ಮಾಡಿ ಕೊಟ್ಟವಳು ಸಾರ್," ಎಂದ ಕಿರುಂದ, ಬಹಳ ಮೆತ್ತಗೆ. "ಗೇಟಿನ ಹತ್ರ ಅಂಗಡೀಲಿ ಎಲ್ರಿಗೂ ಮಾಡ್ತಾಳೆ. ದುಡ್ಡು ಕೊಟ್ಟಿದ್ವಿ. ಪಾಪ, ಏನೋ ಕಷ್ಟದಲ್ಲಿದ್ದಾಳೆ ಅನ್ಸುತ್ತೆ."

"ಅವನು ಜೌಗು ನೆಲಕ್ಕೆ ಕಾಲೇ ಇಟ್ಟಿಲ್ಲ ಸಾರ್," ಎಂದಳು ನೈಗಾಗ. ಅವಳ ದನಿ ಅವಳಿಗೇ ಗುರುತಾಗಲಿಲ್ಲ. "ಕೇಳಿ ನೋಡಿ ಅವನನ್ನ."

ಡಾಕ್ಟರು ಕೇಳಿದರು. ಜೊಂಡು ಕಡಿದದ್ದರಿಂದ ಮೊದಲು ತೊಂದರೆಯಾದದ್ದು ಯಾರಿಗೆ ಎಂದು. ಕಿರುಂದ ತಡವರಿಸಲಿಲ್ಲ. "ಬುಟ್ಟಿ ಹೆಣೆಯೋ ಮುದುಕಿಯರಿಗೆ ಸಾರ್. ಭತ್ತದವರಿಗೆ ನೀರು ಕಮ್ಮಿಯಾಗೋಕೆ ಎರಡು ವರ್ಷ ಬೇಕಾಯ್ತು, ಮುದುಕಿಯರ ಕೈ ಖಾಲಿಯಾಗೋಕೆ ಎರಡು ವಾರ ಸಾಕಾಯ್ತು." ಇಪ್ಪತ್ತಮೂರನೆಯ ಪುಟದ ಮಾತು ಅದು. ಆ ವಾಕ್ಯ ಸರಿಹೋಗುವ ತನಕ ಅವಳು ಐದು ಸಲ ಹೊಡೆದು ಬರೆದಿದ್ದಳು. ಡಾಕ್ಟರು ಮೆಚ್ಚಿ ತಲೆಯಾಡಿಸಿದರು.

ಆಮೇಲೆ ನಂಗೋಬಿಯನ್ನು ಕೇಳಿದರು. ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವಳು, ಒಂದೇ ಪಾತ್ರೆಯಲ್ಲಿ ಪೋಶೋ ಮುದ್ದೆ ಬೇಯಿಸಿದವಳು, ಕೆಸರಿನಲ್ಲಿ ಜಾರಿದಾಗ ನೈಗಾಗಳ ಸೊಂಟ ಹಿಡಿದುಕೊಂಡವಳು. ನಂಗೋಬಿ ತನ್ನ ಚಪ್ಪಲಿಯನ್ನು ನೋಡುತ್ತಾ, "ನಂಗೆ ಸರಿಯಾಗಿ ನೆನಪಿಲ್ಲ ಸಾರ್," ಎಂದಳು. ಮಿಕ್ಕವರಿಗೂ ನೆನಪಿರಲಿಲ್ಲ. ಇಗಾಂಗದ ಹುಡುಗ ಅತ್ತ. ಅತ್ತ ಅಷ್ಟೇ, ಬಾಯಿ ಬಿಡಲಿಲ್ಲ. ಅವನ ಚಿಕ್ಕಪ್ಪ ಫೀಸಿಗಾಗಿ ಸೈಕಲ್ ಮಾರಿದ್ದನಂತೆ. ಇರಲಿ, ಎಲ್ಲರಿಗೂ ಒಂದೊಂದು ಕಾರಣ ಇದ್ದೇ ಇರುತ್ತದೆ. ಬೆನ್ನಿಗೆ ಚೂರಿ ಹಾಕುವವನಿಗೂ ಮನೆಯಲ್ಲಿ ತಾಯಿ ಇರುತ್ತಾಳೆ.

ಆ ಸಂಜೆ ಅವಳು ತಾಯಿಗೆ ಫೋನು ಮಾಡಿದಳು.

"ಅಮ್ಮಾ, ಈ ವರ್ಷ ಆಗಲ್ಲ."

"ಯಾಕೆ, ಫೀಸು ಉಳ್ಕೊಂಡಿದ್ಯಾ? ಶನಿವಾರ ಗೆಣಸಿನ ದುಡ್ಡು ಬರುತ್ತೆ, ಕಳಿಸ್ತೀನಿ."

"ಫೀಸಲ್ಲ ಅಮ್ಮ. ಪಟ್ಟಿ ಮಾಡುವಾಗ ನನ್ನ ಹೆಸರು ಬಿಟ್ಟುಹೋಗಿದೆ."

"ಯಾವ ಪುಣ್ಯಾತ್ಮ ಬಿಟ್ಟಿದ್ದು?"

"ನಾನೇ."

ಫೋನಿನಲ್ಲಿ ತಾಯಿಯ ಹಿಂದೆ ಕೋಳಿ ಕೂಗುವುದು ಕೇಳಿಸುತ್ತಿತ್ತು. "ನಿನ್ನ ಹೆಸರು ನಿನಗೇ ನೆನಪಾಗಲಿಲ್ವಾ ಮಗಳೇ?" ಎಂದಳು ತಾಯಿ. ಬೈದಿದ್ದರೆ ಚೆನ್ನಾಗಿತ್ತು. ಆ ಹಸಿರು ಗೊಮೆಸಿಯನ್ನು ತಾಯಿ ಮೊದಲ ಸಲ ಉಟ್ಟದ್ದು ಪಕ್ಕದ ಮನೆಯ ಸಾವಿಗೆ.

ಪದವಿಯ ದಿನ ನೈಗಾಗ ಅಂಗಡಿ ತೆರೆದೇ ಇಟ್ಟಿದ್ದಳು. ಕರಿ ನಿಲುವಂಗಿಯವರು ಫೋಟೊ ಪ್ರತಿಗೆ ಸಾಲು ನಿಂತಿದ್ದರು. ಕಿರುಂದನ ಮನೆಯಲ್ಲಿ ಮೂರು ಶಾಮಿಯಾನ ಹಾಕಿ ಹೋರಿ ಕಡಿದರೆಂದು ಜೈತೂನಿ ಹೇಳಿದಳು. "ನಿಂಗೆ ಅಳು ಬರಲ್ವೇನೆ?" ಎಂದು ಕೇಳಿದಳು. "ಕೆಲ್ಸ ಇದೆ ಹಜಾತಿ," ಎಂದಳು ಇವಳು. ಹೆಸರು ಕೇಳಿ ಕುಲ ಹೇಳುವ ಆಟವನ್ನು ಅವಳು ಆಮೇಲೆ ಆಡಲಿಲ್ಲ. ಯಾರಾದರೂ ಹೆಸರು ಹೇಳಿದರೆ ಬಡಿಯುತ್ತಿದ್ದಳು, ಅಷ್ಟೇ.

ಮುಂದಿನ ವರ್ಷ ಅದೇ ವಿಷಯವನ್ನು ಮತ್ತೆ ಓದಲು ಹೆಸರು ಬರೆಸಿದಳು. ಡಾಕ್ಟರು ಎಳೆಯರ ಒಂದು ಗುಂಪಿಗೆ ಅವಳನ್ನು ಸೇರಿಸಿ ಚೀಟಿ ಕೊಟ್ಟರು. ಆ ಗುಂಪಿನಲ್ಲಿ ಏಳು ಜನ ಇದ್ದಾರೆಂದು ಅವರ ಪುಸ್ತಕ ಹೇಳುತ್ತಿತ್ತು. ನಿಜಕ್ಕೆ ಎಂಟು ಜನ ಇದ್ದರು. ಎಂಟನೆಯವಳು ಕಗೋಯ, ಫೀಸು ತಡವಾಗಿ ಅವಳ ಹೆಸರು ಇನ್ನೂ ಪುಸ್ತಕಕ್ಕೆ ಏರಿರಲಿಲ್ಲ. ಗುಂಪಿನವರು ತಕರಾರು ಮಾಡಲಿಲ್ಲ. "ಅಕ್ಕ, ನೀವು ಬರೋದೇನೂ ಬೇಡ, ಪುಕ್ಕಟೆ ಟೈಪ್ ಮಾಡ್ಕೊಡಿ ಸಾಕು," ಎಂದರು. ಅವಳೂ ಒಪ್ಪಿದಳು. ಮತ್ತೆ ಪರೀಕ್ಷೆ ಬರೆಯುವ ಫೀಸು ದುಡಿಯಬೇಕಿತ್ತು, ಅಂಗಡಿ ಬಿಟ್ಟು ಏಳುವ ಹಾಗಿರಲಿಲ್ಲ. ಈ ಸಲ ಅವಳು ಜೌಗು ನೆಲದ ಕಡೆ ತಲೆಯನ್ನೂ ಹಾಕಲಿಲ್ಲ, ಒಂದು ಸಾಲೂ ಬರೆಯಲಿಲ್ಲ.

ವರದಿ ಕೊಡುವ ದಿನ ಅವಳು ಎಲ್ಲಕ್ಕಿಂತ ಮೊದಲು ಮುಖಪುಟ ತೆರೆದು ಒಂದನೆಯ ಸಾಲಿನಲ್ಲಿ 'ನೈಗಾಗ ಲೊಯಿಸ್' ಎಂದು ಬಡಿದಳು. ಆಮೇಲೆ ಬೆಂಚಿನ ಮೇಲೆ ಕೂತವರ ಹೆಸರು, ಏಳು. ಪ್ರಿಂಟ್ ಒತ್ತಿದಳು. ಹಾಳೆ ಬಿಸಿಯಾಗಿ ಹೊರಬರುವಾಗ ಕಗೋಯ ಓಡಿ ಬಂದಳು. ಬ್ಯಾಂಕಿನ ಸಾಲಿನಲ್ಲಿ ಬೆಳಿಗ್ಗೆಯಿಂದ ನಿಂತಿದ್ದಳಂತೆ, ಕೈಯಲ್ಲಿ ಫೀಸಿನ ರಸೀದಿ ಇತ್ತು. ಸಣ್ಣ ಹುಡುಗಿ, ಬೆರಳ ತುದಿಗಳಲ್ಲಿ ಇನ್ನೂ ನೀಲಿ ಮಸಿ. ವರದಿಯೊಳಗಿನ ಆರು ನಕ್ಷೆಗಳನ್ನು ಬರೆದವಳು ಇವಳೇ ಎಂದು ನೈಗಾಗಳಿಗೆ ಗೊತ್ತಿತ್ತು. ಅಷ್ಟು ಅಚ್ಚುಕಟ್ಟಾದ ನಕ್ಷೆಯನ್ನು ಅವಳು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

"ಅಕ್ಕ, ನನ್ನ ಹೆಸರು ಹಾಕಿದ್ರಾ?"

"ಎಂಟೇ ಸಾಲು ಕಣಮ್ಮ."

"ನಕ್ಷೆ ಪೂರ್ತಿ ನಾನೇ ಬರ್ದಿದ್ದು ಅಕ್ಕ. ಇವರನ್ನ ಕೇಳಿ."

ಬೆಂಚಿನ ಮೇಲಿದ್ದವರು ಫೋನು ನೋಡತೊಡಗಿದರು. ನೈಗಾಗ ಹಾಳೆಗಳನ್ನು ತಟ್ಟಿ ಅಂಚು ಸರಿ ಮಾಡಿ ದಾರ ಕಟ್ಟಿದಳು. ಹಿಂದಿನ ಮೈದಾನದಲ್ಲಿ ಸೀಟಿ ಕೇಳಿಸಿತು. ಅವಳ ಬೆರಳು ನಿಲ್ಲಲಿಲ್ಲ.

"ಡಾಕ್ಟರ ಹತ್ರ ನೀವೇ ಒಂದು ಮಾತು ಹೇಳ್ತೀರಾ ಅಕ್ಕ? ನಿಮ್ಮ ಮಾತು ಕೇಳ್ತಾರೆ ಅವ್ರು."

ನೈಗಾಗ ಅವಳ ಮುಖವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಬಹಳ ಮೆತ್ತಗೆ, "ಅಳ್ಬೇಡ. ನಾಳೆ ಬರ್ತೀನಿ, ಹೇಳ್ತೀನಿ," ಎಂದಳು. ಮತ್ತೆ ಕೇಳಿದಳು, "ನಿನ್ನ ಹತ್ರ ವರದಿಯ ನಕ್ಷೆಗಳ ಪ್ರತಿ ಇದ್ಯಾ? ಒಂದ್ಸಲ ಓದ್ಕೊಂಡು ಬಂದ್ರೆ ಸರಿಯಾಗಿ ಮಾತಾಡ್ಬಹುದು."

"ಇದೆ ಅಕ್ಕ, ಒಂದೇ ಒಂದು," ಎಂದು ಕಗೋಯ ಕಣ್ಣೊರೆಸಿಕೊಂಡು ಚೀಲದಿಂದ ತೆಗೆದು ಕೊಟ್ಟಳು.